ಎರಡು ಗೂಟ ಎಲ್ಲಿಗೆ ಹೋದವು, ನೋಡಿ

ದ್ವಿತೀಯ ಪಿಯುಸಿಯ ಮಕ್ಕಳು ಮಾತೃಕೆಗಳನ್ನು, ಅಂದರೆ ಎರಡು ಸಾಲು ಎರಡು ಕಂಬಸಾಲುಗಳಲ್ಲಿ ಜೋಡಿಸಿದ ನಾಲ್ಕು ಅಂಕಿಗಳ ಚೌಕಟ್ಟುಗಳನ್ನು, ಪಟಪಟನೆ ಗುಣಿಸುತ್ತಾರೆ. ಆ ನಾಲ್ಕು ಅಂಕಿಗಳು ಸಮತಲವನ್ನು ಏನು ಮಾಡುತ್ತವೆ ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. ಕೋಲಾರ ಜಿಲ್ಲೆಯವರಿಗೆ ಇದಕ್ಕೆ ಉತ್ತರ ಶ್ರೀನಿವಾಸಪುರದ ಮಾವಿನ ತೋಪಿನಲ್ಲೇ ಸಿಗುತ್ತದೆ.

ಗ್ರಾಫ್ ಹಾಳೆಯ ಒಂದು ಮನೆಗೆ 30 ಅಡಿ ಎಂದಿಟ್ಟುಕೊಳ್ಳಿ. ಮೂಲೆಯ ಮರ ಮೂಲಬಿಂದುವಿನಲ್ಲಿರಲಿ. ಪೂರ್ವಕ್ಕೆ ಒಂದು ಮನೆ ದೂರದಲ್ಲಿ, ಅಂದರೆ (1, 0)ರಲ್ಲಿ, ಮೊದಲ ಗೂಟ. ಉತ್ತರಕ್ಕೆ (0, 1)ರಲ್ಲಿ ಎರಡನೆಯದು. ಇವೆರಡರಿಂದ ಇಡೀ ತೋಪನ್ನು ಎಣಿಸಬಹುದು: (3, 2)ರ ಮರಕ್ಕೆ ಹೋಗಬೇಕೆಂದರೆ ಮೊದಲ ಗೂಟದ ಅಳತೆ ಮೂರು ಸಲ, ಎರಡನೆಯದರದು ಎರಡು ಸಲ.

ಈಗ ಮೊದಲ ಗೂಟವನ್ನು ಮುಟ್ಟದೆ ಎರಡನೆಯದನ್ನು ಪೂರ್ವಕ್ಕೆ ಅರ್ಧ ಮನೆ ಸರಿಸಿ, (½, 1)ಕ್ಕೆ ತನ್ನಿ. (3, 2)ರ ಮರ ಎಲ್ಲಿಗೆ ಹೋಯಿತು? ಎಣಿಕೆ ಅದೇ, ಗೂಟ ಮಾತ್ರ ಹೊಸದು: 3×(1, 0) + 2×(½, 1) = (4, 2). ರೇಖೀಯ ಪರಿವರ್ತನೆ ಎಂದರೆ ಇಷ್ಟೇ. ಮೂಲಬಿಂದು ಕದಲುವುದಿಲ್ಲ, ಸಾಲುಗಳು ನೇರವಾಗಿಯೇ ಇರುತ್ತವೆ, ಸಮಾಂತರವಾಗಿದ್ದವು ಸಮಾಂತರವಾಗಿಯೇ ಉಳಿಯುತ್ತವೆ. ಗೂಟಗಳ ಹೊಸ ಜಾಗಗಳನ್ನು ಮೇಲಿನಿಂದ ಕೆಳಕ್ಕೆ ಎರಡು ಕಂಬಸಾಲುಗಳಾಗಿ ಬರೆದರೆ ಮಾತೃಕೆ ಸಿದ್ಧ. ಅಂದಹಾಗೆ, ಇಡೀ ತೋಪನ್ನು ಹತ್ತಡಿ ಆಚೆ ಎತ್ತಿಟ್ಟರೆ ಅದು ರೇಖೀಯವಲ್ಲ. ಮೂಲೆಯ ಮರವೇ ಕದಲಿತಲ್ಲ.

ಮುಂದಿನದು ನಿರ್ಧಾರಕ. ಇದನ್ನು ಬರಿಯ ಸೂತ್ರವಾಗಿ ಮುಗಿಸಿಬಿಡುವುದು ಅನ್ಯಾಯ. ಒಂದು ಮರದ ಪಾಲಿನ ನೆಲ ಎಷ್ಟು ಪಟ್ಟಾಯಿತು ಎಂಬುದನ್ನು ಹೇಳುವ ಅಂಕಿ ಅದು. ಮಾತೃಕೆಯ ಎದುರುಬದುರು ಮೂಲೆಗಳ ಅಂಕಿಗಳನ್ನು ಗುಣಿಸಿ, ಒಂದು ಗುಣಲಬ್ಧದಿಂದ ಇನ್ನೊಂದನ್ನು ಕಳೆದರೆ ಅದು ಸಿಗುತ್ತದೆ. ಮೇಲೆ ಎರಡನೇ ಗೂಟ ಸರಿಸಿ ಮಾಡಿದ ವಾಲಿಕೆಯಲ್ಲಿ 1×1 − ½×0 = 1. ಮರಕ್ಕೆ ಮೊದಲೂ 900 ಚದರಡಿ, ಈಗಲೂ ಅಷ್ಟೇ. ಎಕರೆಗೆ 43,560 ಚದರಡಿ. ಸುಮಾರು 48 ಮರ. ಆದರೆ ಅಕ್ಕಪಕ್ಕದ ಸಾಲಿನ ಮರಗಳ ಅಂತರ ಮೂವತ್ತರಿಂದ ಮೂವತ್ಮೂರೂವರೆ ಅಡಿಗೆ ಹಿಗ್ಗಿತು. ಅದನ್ನು ಮತ್ತೆ 30ಕ್ಕೆ ತರಲು ಎರಡನೇ ಗೂಟವನ್ನು (½, 0.866)ಕ್ಕೆ ಇಳಿಸಿ. ಈಗ ಸಾಲಿನಿಂದ ಸಾಲಿಗೆ 26 ಅಡಿ ಸಾಕು, ನಿರ್ಧಾರಕ 0.866, ಎಕರೆಗೆ ಸುಮಾರು 56 ಮರ. ತೋಟಗಾರಿಕೆಯವರು ಷಟ್ಕೋನ ಪದ್ಧತಿಯಲ್ಲಿ (ಪ್ರತಿ ಮರದ ಸುತ್ತ ಆರು ಮರ ಸಮದೂರದಲ್ಲಿ) ಚೌಕ ಪದ್ಧತಿಗಿಂತ ಶೇ 15ರಷ್ಟು ಹೆಚ್ಚು ಸಸಿ ಹಿಡಿಸುತ್ತವೆ ಎನ್ನುವುದು ಇದೇ ಲೆಕ್ಕ.

ಹೀಗೆ ವಾಲುತ್ತಾ ಹೋದರೆ ಹತ್ತನೇ ಸಾಲು ಬೇಲಿ ದಾಟುವುದಿಲ್ಲವೇ ಎಂದು ಚುರುಕಾದವರು ಕೇಳಬಹುದು. ಎರಡು ಸಾಲು ಮೇಲೇರುವಷ್ಟರಲ್ಲಿ ಸರಿದದ್ದು ಪೂರ್ತಿ ಒಂದು ಮನೆ, ಅಂದರೆ ಮರಗಳು ಮತ್ತೆ ಮೊದಲಿದ್ದ ಉತ್ತರ-ದಕ್ಷಿಣ ಗೆರೆಗಳ ಮೇಲೆಯೇ. ಹಾಗಾಗಿ ಒಂದು ಬಿಟ್ಟು ಒಂದು ಸಾಲನ್ನು ಅರ್ಧ ಮನೆ ಸರಿಸಿ ಗುಂಡಿ ತೋಡಿದರೂ ವಿನ್ಯಾಸ ಬದಲಾಗದು.

ಉಳಿದವೂ ಹೀಗೆಯೇ. ಗೂಟಗಳು (0, 1), (−1, 0)ಕ್ಕೆ ಹೋದರೆ ತೊಂಬತ್ತು ಡಿಗ್ರಿ ತಿರುಗುವಿಕೆ. (−1, 0), (0, 1) ಆದರೆ ಕನ್ನಡಿ ಬಿಂಬ, ನಿರ್ಧಾರಕ −1: ನೆಲ ಅಷ್ಟೇ, ಋಣಚಿಹ್ನೆ ಎಡಬಲ ಅದಲುಬದಲಾದದ್ದರ ಗುರುತು. ಎರಡೂ ಗೂಟಗಳು ಮೂಲಬಿಂದುವಿನ ಮೂಲಕ ಹಾಯುವ ಒಂದೇ ಗೆರೆಯ ಮೇಲೆ ಬಿದ್ದರೆ ನಿರ್ಧಾರಕ ಸೊನ್ನೆ: ತೋಪೆಲ್ಲ ಒಂದೇ ಸಾಲಿಗೆ ಕುಸಿಯುತ್ತದೆ, ಯಾವ ಮರ ಎಲ್ಲಿತ್ತೆಂದು ಹಿಂದಿರುಗಿ ಹೇಳಲಾಗದು. ಅಂಥ ಮಾತೃಕೆಗೆ ವಿಲೋಮವಿಲ್ಲ, ಅಂದರೆ ಮಾಡಿದ್ದನ್ನು ಹಿಂದಿರುಗಿಸುವ ಮಾತೃಕೆಯಿಲ್ಲ, ಎನ್ನುವುದು ಇದಕ್ಕೇ.

ಕೊನೆಗೆ ಕ್ರಮ ಪರೀಕ್ಷಿಸಿ. (1, 0)ನ್ನು ಮೊದಲು ಅರ್ಧ ಮನೆ ವಾಲಿಸಿ (ಮೊದಲ ಗೂಟ ವಾಲಿಕೆಗೆ ಕದಲುವುದಿಲ್ಲ) ನಂತರ ತೊಂಬತ್ತು ಡಿಗ್ರಿ ತಿರುಗಿಸಿದರೆ (0, 1) ಬರುತ್ತದೆ. ಮೊದಲು ತಿರುಗಿಸಿ ನಂತರ ವಾಲಿಸಿದರೆ (½, 1). ಮಾತೃಕೆಗಳ ಗುಣಾಕಾರದಲ್ಲಿ ಹಿಂದುಮುಂದು ಮಾಡಿದರೆ ಉತ್ತರ ಬೇರೆಯಾಗುವುದು ಏಕೆಂದು ಹಾಳೆಯ ಮೇಲೆಯೇ ಕಾಣುತ್ತದೆ.