ಸಿಮ್ಯುಲೇಟರ್‌ನ ವಿಮಾನ ರನ್‌ವೇ ಬಿಟ್ಟು ಹುಲ್ಲಿಗಿಳಿಯುತ್ತಿದೆಯೇ?

ಮನೆಯ ಕಂಪ್ಯೂಟರ್‌ನಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡ ಹೊಸಬರು ಆಕಾಶಕ್ಕಿಂತ ನೆಲದ ಮೇಲೆಯೇ ಹೆಚ್ಚು ಕಷ್ಟಪಡುತ್ತಾರೆ. ಎಂಜಿನ್ ಶಕ್ತಿಯನ್ನು ಏರಿಸಿಳಿಸುವ ಥ್ರಾಟಲ್ ಮುಂದೊತ್ತಿದೊಡನೆ ವಿಮಾನ ಎಡಕ್ಕೆ ವಾಲಿ ಹುಲ್ಲಿಗಿಳಿಯುತ್ತದೆ, ಇಲ್ಲವೇ ಎಷ್ಟೇ ತಿರುಗಿಸಿದರೂ ನೇರವಾಗಿಯೇ ಸಾಗುತ್ತದೆ, ಇಲ್ಲವೇ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಇಂಥ ಹೊತ್ತಿನಲ್ಲಿ ಸೆಟ್ಟಿಂಗ್ಸ್ ತೆರೆದು ಕಂಡದ್ದನ್ನೆಲ್ಲ ಬದಲಿಸುವುದು ಸಾಮಾನ್ಯ, ಆದರೆ ಅದರಿಂದ ಮೂಲ ದೋಷ ಇನ್ನಷ್ಟು ಮರೆಯಾಗುತ್ತದೆ. ಕೈಯಲ್ಲಿರುವ ಜಾಯ್‌ಸ್ಟಿಕ್, ಅದರ ಸಂಕೇತವನ್ನು ಓದುವ ತಂತ್ರಾಂಶ ಮತ್ತು ಪರದೆಯ ಮೇಲಿನ ವಿಮಾನ, ಈ ಮೂರರಲ್ಲಿ ದೋಷ ಎಲ್ಲಿದೆ ಎಂಬುದನ್ನು ಮೊದಲು ಪತ್ತೆ ಮಾಡಬೇಕು. ಹಲವು ಸಲ ದೋಷವೇ ಇರುವುದಿಲ್ಲ; ನಿಜವಾದ ವಿಮಾನವೂ ಹಾಗೆಯೇ ನಡೆದುಕೊಳ್ಳುತ್ತದೆ.

ಮೊದಲ ಹೆಜ್ಜೆಗೆ ಸೆಟ್ಟಿಂಗ್ಸ್ ಬೇಕಾಗಿಲ್ಲ. ವಿಮಾನವನ್ನು ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಹೊರನೋಟಕ್ಕೆ ಬದಲಾಯಿಸಿಕೊಂಡು ವಿಮಾನದ ಹಿಂದೆ ನಿಲ್ಲಿ. ಬಲ ಪೆಡಲನ್ನು ಪೂರ್ತಿ ಒತ್ತಿದಾಗ, ಅಥವಾ ಜಾಯ್‌ಸ್ಟಿಕ್ಕನ್ನು ಬಲಕ್ಕೆ ತಿರುಚಿದಾಗ, ಬಾಲದ ರಡ್ಡರ್, ಅಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಚುಕ್ಕಾಣಿ, ಬಲಕ್ಕೆ ಹೊರಳಬೇಕು. ಕಡ್ಡಿಯನ್ನು ಬಲಕ್ಕೆ ವಾಲಿಸಿದರೆ ಬಲ ರೆಕ್ಕೆಯ ಹಿಂಬದಿಯಲ್ಲಿರುವ ಏಲೆರಾನ್ ಎಂಬ ಪಟ್ಟಿ ಮೇಲೇಳಬೇಕು. ಹಿಂದಕ್ಕೆಳೆದರೆ ಬಾಲದ ಅಡ್ಡ ರೆಕ್ಕೆಯ ಎಲಿವೇಟರ್ ಎಂಬ ಪಟ್ಟಿ ಮೇಲೇಳಬೇಕು. ರಡ್ಡರ್ ಅಲುಗದಿದ್ದರೆ ದೋಷ ಸಾಧನದಲ್ಲೋ ತಂತ್ರಾಂಶದಲ್ಲೋ ಇದೆ. ರಡ್ಡರ್ ಸರಿಯಾಗಿ ಹೊರಳಿಯೂ ವಿಮಾನ ತಿರುಗದಿದ್ದರೆ ಚಕ್ರ, ಬ್ರೇಕ್ ಅಥವಾ ವಿಮಾನದ ಸ್ವಭಾವವನ್ನು ವಿಚಾರಿಸಬೇಕು. ಕೈ ಮುಟ್ಟದಿದ್ದರೂ ರಡ್ಡರ್ ತಾನಾಗಿ ನಡುಗುತ್ತಿದ್ದರೆ ಸಾಧನದಿಂದ ಗದ್ದಲದ ಸಂಕೇತ ಬರುತ್ತಿದೆ, ಇಲ್ಲವೇ ಎರಡು ಸಾಧನಗಳು ಒಂದೇ ಕೆಲಸಕ್ಕೆ ಜಗಳವಾಡುತ್ತಿವೆ ಎಂದರ್ಥ.

ಸಾಧನದ ಮೇಲೆ ಅನುಮಾನವಿದ್ದರೆ ಸಿಮ್ಯುಲೇಟರನ್ನು ಮುಚ್ಚಿ ಪರೀಕ್ಷಿಸುವುದು ಒಳ್ಳೆಯದು. ವಿಂಡೋಸ್‌ನಲ್ಲಿ ಗೇಮ್ ಕಂಟ್ರೋಲರ್‌ಗಳ ಪ್ರಾಪರ್ಟೀಸ್ ಕಿಟಕಿಯನ್ನೂ ಲಿನಕ್ಸ್‌ನಲ್ಲಿ ಜೆಎಸ್‌ಟೆಸ್ಟ್ ಎಂಬ ಉಪಕರಣವನ್ನೂ ತೆರೆದರೆ ಸಾಧನದ ಪ್ರತಿ ಅಕ್ಷದ, ಅಂದರೆ ಅದು ಅಲುಗುವ ಪ್ರತಿ ದಿಕ್ಕಿನ, ಚಲನೆ ನೇರವಾಗಿ ಕಾಣುತ್ತದೆ. ತಿರುಚುವ ಅಕ್ಷದ ಒಳಗಿನ, ಚಲನೆಯನ್ನು ಅಳೆಯುವ ಪೊಟೆನ್ಷಿಯೋಮೀಟರ್ ಸವೆದಾಗ ಗುರುತು ನಡುವೆ ನಿಲ್ಲದೆ ಜಿಗಿದಾಡುತ್ತದೆ. ಮರು ಕ್ಯಾಲಿಬ್ರೇಷನ್‌ನಿಂದ ಸರಿಹೋಗದಿದ್ದರೆ ಸಿಮ್ಯುಲೇಟರ್‌ನಲ್ಲಿ ಸಣ್ಣ ಡೆಡ್ ಝೋನ್, ಅಂದರೆ ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಿಸದ ವಲಯ, ಕೊಡಬಹುದು. ಅದನ್ನು ಅತಿಯಾಗಿ ಹಿಗ್ಗಿಸಿದರೆ ನಡುಭಾಗದಲ್ಲಿ ನಿಯಂತ್ರಣವೇ ಸತ್ತಂತಾಗಿ ರನ್‌ವೇಯ ನಡುಗೆರೆಯ ಮೇಲೆ ಸೂಕ್ಷ್ಮವಾಗಿ ತಿದ್ದಿಕೊಳ್ಳುವುದು ಅಸಾಧ್ಯವಾಗುತ್ತದೆ. ಸಾಧನ ನಡುನಡುವೆ ಕಾಣೆಯಾಗುತ್ತಿದ್ದರೆ ಯುಎಸ್‌ಬಿ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರ್‌ಗೆ ಜೋಡಿಸಿ ನೋಡಿ.

ಮುಂದಿನದು ತಂತ್ರಾಂಶದ ಜೋಡಣೆ, ಮತ್ತು ಹೆಚ್ಚಿನ ತಕರಾರುಗಳ ಮೂಲ ಇದೇ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ತನಗೆ ಪರಿಚಿತವಾದ ಪ್ರತಿ ಸಾಧನಕ್ಕೂ ತನ್ನದೇ ಪೂರ್ವನಿಯೋಜಿತ ಜೋಡಣೆಯನ್ನು ಕೊಡುವುದರಿಂದ, ಪಕ್ಕದಲ್ಲಿ ಮರೆತು ಬಿಟ್ಟ ಗೇಮ್‌ಪ್ಯಾಡ್ ಕೂಡ ರಡ್ಡರ್‌ಗೋ ಥ್ರಾಟಲ್‌ಗೋ ಆಜ್ಞೆ ಕಳಿಸುತ್ತಿರಬಹುದು. ಬಳಸದ ಸಾಧನವನ್ನು ಕಿತ್ತುಹಾಕಿ ಅಥವಾ ಅದಕ್ಕೆ ಖಾಲಿ ಪ್ರೊಫೈಲ್ ಕೊಡಿ. ಪೆಡಲ್‌ಗಳಿದ್ದೂ ವಿಮಾನ ಮಿಸುಕದಿದ್ದರೆ ಕಾಲ್ಬೆರಳಿನಿಂದ ಒತ್ತುವ ಬ್ರೇಕ್ ಅಕ್ಷಗಳು ತಿರುಗುಮುರುಗಾಗಿಲ್ಲವೇ ಎಂದು ನೋಡಿ. ಹಾಗಾಗಿದ್ದರೆ ಕಾಲು ತೆಗೆದಾಗ ಬ್ರೇಕ್ ಪೂರ್ತಿ ಹಿಡಿಯುತ್ತದೆ, ಒಂದೇ ಬದಿಯದು ತಿರುಗುಮುರುಗಾಗಿದ್ದರೆ ವಿಮಾನ ಅದೇ ಬದಿಗೆ ಸುತ್ತುತ್ತದೆ. ಆ ಅಕ್ಷಕ್ಕೆ ರಿವರ್ಸ್ ಆಯ್ಕೆ ಕೊಟ್ಟರೆ ಸಾಕು.

ಎಕ್ಸ್-ಪ್ಲೇನ್‌ನಲ್ಲಿ ಮುಂಚಕ್ರದ ಸ್ಟಿಯರಿಂಗನ್ನು ಜೋಡಿಸುವ ಮತ್ತು ಕಳಚುವ ಪ್ರತ್ಯೇಕ ಆಜ್ಞೆಯೊಂದಿದೆ. ಅದಕ್ಕೆ ಜೋಡಿಸಿದ ಗುಂಡಿಯನ್ನು ಅರಿಯದೆ ಒತ್ತಿದರೆ ಪೆಡಲ್ ಒತ್ತಿದರೂ ಚಕ್ರ ತಿರುಗುವುದಿಲ್ಲ. ಅದೇ ತಂತ್ರಾಂಶದ ಸ್ಟೆಬಿಲಿಟಿ ಆಗ್ಮೆಂಟೇಷನ್ ಎಂಬ ಜಾರುಪಟ್ಟಿಗಳನ್ನು ಏರಿಸಿಟ್ಟರೆ ವಿಮಾನ ಮಂಕಾಗುತ್ತದೆ. ಉಚಿತವಾಗಿ ಸಿಗುವ ಫ್ಲೈಟ್‌ಗಿಯರ್‌ನಲ್ಲಿ ಆಟೊ-ಕೋಆರ್ಡಿನೇಷನ್ ಆಯ್ಕೆ ಏಲೆರಾನ್ ಜೊತೆಗೆ ರಡ್ಡರನ್ನೂ ಬಿಗಿಯುತ್ತದೆ. ಪೆಡಲ್ ಇರುವವರು ಅದನ್ನು ಆರಿಸಿಬಿಡಬೇಕು. ಕೀಲಿಮಣೆಯಿಂದ ಹಾರಿಸುವವರು ಇನ್ನೊಂದನ್ನು ತಿಳಿದಿರಬೇಕು. ಫ್ಲೈಟ್‌ಗಿಯರ್‌ನಲ್ಲಿ ಸಂಖ್ಯಾಫಲಕದ 0 ಮತ್ತು ಎಂಟರ್ ಕೀಲಿಗಳು ರಡ್ಡರನ್ನು ಹೊರಳಿಸುತ್ತವೆಯಾದರೂ ಬೆರಳು ತೆಗೆದಾಗ ರಡ್ಡರ್ ತಾನಾಗಿ ನಡುವಿಗೆ ಮರಳುವುದಿಲ್ಲ, 5 ಒತ್ತಿ ಮರಳಿಸಬೇಕು.

ಜೋಡಣೆ ಸರಿಯಿದ್ದೂ ವಿಮಾನ ಮಾತು ಕೇಳದಿದ್ದರೆ ಬೀಗಗಳನ್ನು ಹುಡುಕಿ. ಪಾರ್ಕಿಂಗ್ ಬ್ರೇಕ್ ಬಿಟ್ಟಿದೆಯೇ, ವಿಮಾನವನ್ನು ಹಿಂದಕ್ಕೆ ತಳ್ಳುವ ಪುಶ್‌ಬ್ಯಾಕ್ ವಾಹನ ಇನ್ನೂ ಮುಂಚಕ್ರವನ್ನು ಹಿಡಿದಿದೆಯೇ, ಆಟೊಪೈಲಟ್ ಚಾಲೂ ಇದೆಯೇ ಎಂಬುದನ್ನು ಒಂದೊಂದಾಗಿ ನೋಡಬೇಕು. ದೊಡ್ಡ ವಿಮಾನಗಳಲ್ಲಿ ಮುಂಚಕ್ರವನ್ನು ತಿರುಗಿಸಲು ಟಿಲ್ಲರ್ ಎಂಬ ಪ್ರತ್ಯೇಕ ಹಿಡಿಕೆ ಇರುತ್ತದೆ. ಏರ್‌ಬಸ್ ಎ320ರ ಪೆಡಲ್‌ಗಳು ಮುಂಚಕ್ರವನ್ನು ಸುಮಾರು 6 ಡಿಗ್ರಿ ಮಾತ್ರ ತಿರುಗಿಸುತ್ತವೆ, ಟಿಲ್ಲರ್ 75 ಡಿಗ್ರಿಯವರೆಗೂ ತಿರುಗಿಸಬಲ್ಲದು. ಆದ್ದರಿಂದ ಟಿಲ್ಲರ್‌ಗೆ ಒಂದು ಅಕ್ಷವನ್ನು ಜೋಡಿಸದೆ ಟ್ಯಾಕ್ಸಿವೇಯ ಲಂಬ ತಿರುವಿನಲ್ಲಿ ಸಿಕ್ಕಿಕೊಂಡವರು ಜಾಯ್‌ಸ್ಟಿಕ್ಕನ್ನು ದೂರಿ ಪ್ರಯೋಜನವಿಲ್ಲ. ವೇಗವೂ ಮುಖ್ಯ, 90 ಡಿಗ್ರಿ ತಿರುವಿಗೆ ಬರುವ ಮೊದಲೇ ಅದನ್ನು ಸುಮಾರು 10 ನಾಟ್‌ಗೆ ಇಳಿಸಿಕೊಂಡಿರಬೇಕು.

ಇಷ್ಟರ ಮೇಲೂ ಉಳಿಯುವ ದೂರುಗಳಲ್ಲಿ ಹಲವು ವಿಮಾನದ ಸ್ವಭಾವಕ್ಕೆ ಸೇರಿದವು. ಸೆಸ್ನಾ 172ರಂಥ ಒಂಟಿ ಎಂಜಿನ್ ವಿಮಾನದ ಪ್ರೊಪೆಲರ್, ಪೈಲಟ್‌ನ ಆಸನದಿಂದ ನೋಡಿದರೆ, ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತದೆ. ಅದು ಹಿಂದಕ್ಕೆ ತಳ್ಳುವ ಗಾಳಿ ಸುರುಳಿಯಾಗಿ ಒಡಲನ್ನು ಸುತ್ತಿ ಬಾಲದ ನೆಟ್ಟಗಿನ ರೆಕ್ಕೆಗೆ ಎಡದಿಂದ ಬಡಿಯುತ್ತದೆ. ಎಂಜಿನ್‌ನ ಪ್ರತಿ-ತಿರುಚು, ಅಂದರೆ ಪ್ರೊಪೆಲರ್ ತಿರುಗುವುದಕ್ಕೆ ವಿರುದ್ಧ ದಿಕ್ಕಿನಲ್ಲಿ ಒಡಲನ್ನು ತಿರುಚುವ ಬಲ, ಎಡ ಚಕ್ರದ ಮೇಲೆ ಭಾರ ಹೇರುತ್ತದೆ. ಹೀಗಾಗಿ ಪೂರ್ಣ ಶಕ್ತಿ ಕೊಟ್ಟಾಗ ಮೂತಿ ಎಡಕ್ಕೆ ಹೋಗುವುದು ಸಹಜ. ಥ್ರಾಟಲನ್ನು ನಿಧಾನವಾಗಿ ಏರಿಸಿ, ಅದರ ಜೊತೆಜೊತೆಗೇ ಬಲ ಪೆಡಲನ್ನು ಒತ್ತುವುದೇ ಇದಕ್ಕೆ ಮದ್ದು. ಅಡ್ಡಗಾಳಿಯಿದ್ದರೆ ಬಾಲದ ರೆಕ್ಕೆಯ ಮೇಲೆ ಗಾಳಿ ಬಡಿದು ಮೂತಿ ಗಾಳಿ ಬರುವ ಕಡೆಗೆ ಹೊರಳುತ್ತದೆ; ನಿಜ ಹವಾಮಾನದ ಆಯ್ಕೆ ಹಾಕಿಕೊಂಡವರಿಗೆ ದಿನಕ್ಕೊಂದು ಬಗೆಯ ತೊಂದರೆ ಕಾಣುವುದು ಇದರಿಂದಲೇ.

ಇನ್ನು ಸೆಸ್ನಾದ ಪೆಡಲ್‌ಗಳು ಮುಂಚಕ್ರವನ್ನು ಎರಡೂ ಬದಿಗೆ ಸುಮಾರು 10 ಡಿಗ್ರಿ ಮಾತ್ರ ತಿರುಗಿಸುತ್ತವೆ. ಒಂದು ಬದಿಯ ಬ್ರೇಕ್ ಒತ್ತಿದಾಗಷ್ಟೇ ಅದು 30 ಡಿಗ್ರಿಯವರೆಗೆ ಹೋಗುತ್ತದೆ. ಸಿರಸ್ ಎಸ್‌ಆರ್22 ಮತ್ತು ಡೈಮಂಡ್ ಡಿಎ40 ವಿಮಾನಗಳಲ್ಲಿ ಮುಂಚಕ್ರಕ್ಕೂ ಪೆಡಲ್‌ಗೂ ನಂಟೇ ಇಲ್ಲ. ಕಚೇರಿಯ ಕುರ್ಚಿಯ ಗಾಲಿಯಂತೆ ಅದು ಎತ್ತ ಬೇಕಾದರೂ ಹೊರಳುತ್ತದೆ, ನಿಧಾನಗತಿಯಲ್ಲಿ ತಿರುಗಿಸಬೇಕಾದರೆ ಎಡ-ಬಲ ಬ್ರೇಕ್‌ಗಳೇ ಗತಿ. ಇವುಗಳಿಗೆ ಪ್ರತ್ಯೇಕ ಕೀಲಿ ಇಟ್ಟುಕೊಳ್ಳದವರು ಹ್ಯಾಂಗರ್ ಮುಂದಿನಿಂದ ಹೊರಡುವುದೂ ಕಷ್ಟ. ಫ್ಲೈಟ್‌ಗಿಯರ್‌ನಲ್ಲಿ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿಗಳು ಈ ಕೆಲಸಕ್ಕೇ ಇವೆ.

ಗಾಳಿಯಲ್ಲಿನ ಗೊಂದಲಗಳು ಕಡಿಮೆ. ವಿಮಾನ ತಾನಾಗಿ ಮೂತಿ ಎತ್ತುತ್ತಿದ್ದರೆ ಅಥವಾ ಇಳಿಸುತ್ತಿದ್ದರೆ ಮೊದಲು ಟ್ರಿಮ್, ಅಂದರೆ ಕಡ್ಡಿ ಹಿಡಿಯದೆಯೇ ಮೂತಿಯನ್ನು ಒಂದೇ ಮಟ್ಟದಲ್ಲಿಡುವ ಹೊಂದಾಣಿಕೆ, ನೋಡಿ. ಒಂದೇ ಬದಿಗೆ ವಾಲುತ್ತಿದ್ದರೆ ರೆಕ್ಕೆಗಳ ಇಂಧನ ಸಮವಾಗಿದೆಯೇ ನೋಡಿ. ಏರ್‌ಬಸ್‌ನಲ್ಲಿ ಕಡ್ಡಿ ಬಿಟ್ಟರೂ 33 ಡಿಗ್ರಿಯವರೆಗಿನ ವಾಲಿಕೆ ಹಾಗೆಯೇ ಉಳಿಯುವುದು ಅದರ ವಿನ್ಯಾಸ.

ಪ್ರತಿ ಬದಲಾವಣೆಯ ನಂತರ ಒಂದೇ ಸ್ಥಳದಲ್ಲಿ, ಒಂದೇ ವಿಮಾನದಲ್ಲಿ, ಗಾಳಿಯ ವೇಗವನ್ನು ಸೊನ್ನೆಗಿಳಿಸಿ ಪರೀಕ್ಷಿಸಬೇಕು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ 4,000 ಮೀಟರ್ ರನ್‌ವೇ ಇದಕ್ಕೆ ಬೇಕಾದಷ್ಟು ಉದ್ದವಿದೆ. ಮೊದಲು ನಡುಗೆರೆಯ ಮೇಲೆ ನಿಧಾನವಾಗಿ ಟ್ಯಾಕ್ಸಿ ಮಾಡಿ, ಆಮೇಲೆ ಪೂರ್ಣ ಶಕ್ತಿ ಕೊಟ್ಟು, ಕೊನೆಗೆ ಅಡ್ಡಗಾಳಿ ಸೇರಿಸಿ ನೋಡಿ. ಗಾಳಿಯಿಲ್ಲದೆ, ಎಂಜಿನ್ ಬಹುತೇಕ ನಿಷ್ಕ್ರಿಯ ವೇಗದಲ್ಲಿದ್ದಾಗಲೂ ವಿಮಾನ ಒಂದೇ ಬದಿಗೆ ಎಳೆದರೆ ಮಾತ್ರ ಸಾಧನಕ್ಕೂ ಜೋಡಣೆಗೂ ಹಿಂದಿರುಗಿ. ಎಲ್ಲವೂ ಸರಿಯಾದ ಮೇಲೆ ಆ ಜೋಡಣೆಯನ್ನು ಹೊಸ ಹೆಸರಿನ ಪ್ರೊಫೈಲ್ ಆಗಿ ಉಳಿಸಿ. ದುಬಾರಿ ಪೆಡಲ್ ಕೊಳ್ಳುವ ಯೋಚನೆಯನ್ನು ಅಲ್ಲಿಯವರೆಗೆ ಮುಂದೂಡಬಹುದು.