ಜೋಡಿ ಹಕ್ಕಿ ಜಗಳವಾಡಿದರೆ ಮೊದಲು ನೆತ್ತಿ ನೋಡಿ

ಹಕ್ಕಿಯ ಪುಕ್ಕ ಉದುರುತ್ತಿದೆ ಎಂದು ಗಾಬರಿಯಾಗಿ ಬರುವವರನ್ನು ನಾನು ಮೊದಲು ಕೇಳುವುದು, ಬೋಳಾಗಿರುವುದು ನೆತ್ತಿಯೋ ಎದೆಯೋ ಎಂದು. ಯಾವ ಹಕ್ಕಿಯ ಕೊಕ್ಕೂ ತನ್ನ ನೆತ್ತಿಗೆ ಎಟುಕುವುದಿಲ್ಲ. ತಲೆ ಮತ್ತು ಹಿಂಗತ್ತು ಮಾತ್ರ ಬೋಳಾಗಿದ್ದರೆ ಹೆಚ್ಚಾಗಿ ಅದು ಜೊತೆಗಾರ ಹಕ್ಕಿಯ ಕೆಲಸ. ಎದೆ, ರೆಕ್ಕೆಯ ಅಡಿ, ತೊಡೆ ಬೋಳಾಗಿದ್ದರೆ ತಾನೇ ಕಿತ್ತುಕೊಳ್ಳುತ್ತಿರಬಹುದು. ಹೊಸ ಪುಕ್ಕದ ಚೂಪು ಕುಡಿಗಳು ಅಲ್ಲಲ್ಲಿ ಎದ್ದು, ಹಕ್ಕಿ ಚೆನ್ನಾಗಿ ತಿಂದುಕೊಂಡಿದ್ದರೆ ಅದು ಪುಕ್ಕ ಬದಲಾಗುವ ಕಾಲ, ಚಿಂತೆ ಬೇಡ. ಕೊಕ್ಕಿನ ಸುತ್ತ ಹುರುಪೆ ಕಟ್ಟಿದ್ದರೆ ನುಸಿಯಿರಬಹುದು, ಪಶುವೈದ್ಯರಿಗೆ ತೋರಿಸಿ.

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಸಾಕುವ ಬಡ್ಜಿ ಎಂಬ ಪುಟ್ಟ ಗಿಳಿಗಳ ಜಗಳಕ್ಕೆ ಮೂಲ ಹೆಚ್ಚಾಗಿ ಪಂಜರದಲ್ಲಿ ತೂಗುಬಿಟ್ಟ ಮಡಿಕೆ. ಪಾಪ, ಹಕ್ಕಿಗೊಂದು ಮನೆಯಿರಲಿ ಎಂದು ಎಲ್ಲರೂ ಕಟ್ಟುತ್ತಾರೆ. ಗೂಡು ಕಂಡೊಡನೆ ಹೆಣ್ಣು ಹಕ್ಕಿಗೆ ಮೊಟ್ಟೆಯಿಡುವ ಆಸೆ ಹುಟ್ಟುತ್ತದೆ, ಅದರ ಹಿಂದೆಯೇ ಸಿಟ್ಟೂ ಬರುತ್ತದೆ. ಮಾಳಮಡ್ಡಿಯ ಒಂದು ಮನೆಯಲ್ಲಿ ಕೂತು ನೋಡಿದ್ದೇನೆ: ಹೆಣ್ಣು ಮಡಿಕೆಯ ಬಾಯಲ್ಲೇ ಕಾವಲು ಕೂತಿತ್ತು. ಇನ್ನೊಂದು ಹಕ್ಕಿ ಕಾಳಿನ ಬಟ್ಟಲಿಗೆ ಬಂದರೆ ಸಾಕು, ಕೋಲಿನ ಮೇಲೆ ಅಡ್ಡಡ್ಡ ಓಡಿಬಂದು ಕಾಲ್ಬೆರಳು ಕಚ್ಚುತ್ತಿತ್ತು. ಅಲ್ಲಿದ್ದದ್ದು ಎರಡೂ ಹೆಣ್ಣು. ಹಸಿರು, ನೀಲಿ ಬಣ್ಣದ ಬೆಳೆದ ಬಡ್ಜಿಗಳಲ್ಲಿ ಗಂಡಿನ ಮೂಗು ನೀಲಿ, ಹೆಣ್ಣಿನದು ಕಂದು. ಒಂದು ಮಡಿಕೆಗೆ ಎರಡು ಹೆಣ್ಣಾದರೆ ರಕ್ತ ಬರುವವರೆಗೂ ಕಾದಾಡುತ್ತವೆ. ಮೊಟ್ಟೆ, ಮರಿ ಇಲ್ಲದಿದ್ದರೆ ಮಡಿಕೆಯನ್ನು ಇಂದೇ ತೆಗೆಯಿರಿ. ಕಾಳು, ನೀರಿನ ಬಟ್ಟಲುಗಳನ್ನು ಎರಡೆರಡು ಮಾಡಿ ಪಂಜರದ ಎರಡು ತುದಿಗಿಡಿ.

ರಕ್ತ ಕಂಡರೆ ಅಂದೇ ಬೇರೆ ಮಾಡಿ. ಬೆಳೆಯುತ್ತಿರುವ ಪುಕ್ಕ ಮುರಿದರೆ ರಕ್ತ ಜಿನುಗುತ್ತಲೇ ಇರುತ್ತದೆ. ಚಿಟಿಕೆ ಕಾರ್ನ್‌ಫ್ಲೋರ್ ಇಟ್ಟು ಮೆಲ್ಲಗೆ ಒತ್ತಿ ಹಿಡಿಯಿರಿ, ನಿಲ್ಲದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಬೇರೆ ಮಾಡಿದ ಪಂಜರಗಳನ್ನು ಒಂದಕ್ಕೊಂದು ಕಾಣುವಂತೆ ಪಡಸಾಲೆಯಲ್ಲಿಡಿ. ಕೆಲವು ವಾರಗಳ ನಂತರ ಮತ್ತೆ ಸೇರಿಸುವಾಗ ಒಂದರ ಪಂಜರಕ್ಕೆ ಇನ್ನೊಂದನ್ನು ಬಿಡಬೇಡಿ. ಎರಡಕ್ಕೂ ಹೊಸದಾದ ದೊಡ್ಡ ಪಂಜರ ಒಳ್ಳೆಯದು. ಅದಿಲ್ಲದಿದ್ದರೆ ಕೋಲು, ಬಟ್ಟಲುಗಳ ಜಾಗವನ್ನಾದರೂ ಪೂರ್ತಿ ಬದಲಿಸಿ. ಆಗಲೂ ಕಚ್ಚಾಟ ನಿಲ್ಲದಿದ್ದರೆ ಅವು ಅಕ್ಕಪಕ್ಕದ ಪಂಜರಗಳಲ್ಲೇ ಬಾಳಲಿ. ಬಲವಂತದ ಜೋಡಿ ಬೇಡ.

ಕೀಳುವುದು ನಿಲ್ಲಲೆಂದು ಪುಕ್ಕಕ್ಕೆ ಬ್ಯಾಡಗಿ ಮೆಣಸಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಎಂದು ಹೇಳುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಮೆಣಸಿನ ಖಾರ ಹಕ್ಕಿಯ ಬಾಯಿಗೆ ನಮಗಾದಂತೆ ಉರಿಯುವುದಿಲ್ಲ, ಅದಕ್ಕೇ ಗಿಳಿಗಳು ಮೆಣಸಿನಕಾಯಿಯನ್ನು ಇಷ್ಟಪಟ್ಟು ತಿನ್ನುತ್ತವೆ. ಎಣ್ಣೆ ಮಾತ್ರ ಪುಕ್ಕವನ್ನು ಅಂಟಿಸಿ ಮೈಯ ಶಾಖ ಕೆಡಿಸುತ್ತದೆ.

ತಾನೇ ಕಿತ್ತುಕೊಳ್ಳುವ ಹಕ್ಕಿಗೆ ಬೇಕಾದುದು ಕೆಲಸ, ಸ್ನಾನ, ನಿದ್ದೆ. ನಮ್ಮ ಕಡೆ ನವಣೆ ಸುಲಭವಾಗಿ ಸಿಗುತ್ತದೆಂದು ಬರೀ ಅದನ್ನೇ ಸುರಿಯುತ್ತಾರೆ. ಕಾಳೊಂದರಲ್ಲೇ ಎ ಜೀವಸತ್ವ ಸಾಲದು. ನುಗ್ಗೆಸೊಪ್ಪು, ಕೊತ್ತಂಬರಿ, ತುರಿದ ಗಜ್ಜರಿ ದಿನವೂ ಇಡಿ. ಔಷಧಿ ಹೊಡೆಯದ ಗೋವಿನಜೋಳದ ತೆನೆಯ ಸಿಪ್ಪೆಯನ್ನು ಪಂಜರಕ್ಕೆ ಕಟ್ಟಿದರೆ ಹೊತ್ತು ಹೋದದ್ದೇ ತಿಳಿಯದಂತೆ ಎಳೆ ಎಳೆಯಾಗಿ ಸೀಳುತ್ತವೆ, ಪುಕ್ಕದ ಗೊಡವೆಗೆ ಹೋಗುವುದಿಲ್ಲ. ಬೇಸಿಗೆಯ ಒಣ ಹವೆಗೆ ಮೈ ತುರಿಸುತ್ತದೆ, ಬೆಳಿಗ್ಗೆ ಅಗಲ ತಟ್ಟೆಯಲ್ಲಿ ನೀರಿಡಿ. ರಾತ್ರಿ ಟಿವಿಯ ಎದುರು ಪಂಜರ ಬೇಡ, ಹತ್ತು ಹನ್ನೆರಡು ಗಂಟೆಯ ಕತ್ತಲು ಅವಕ್ಕೆ ಬೇಕು.

ಇಷ್ಟಾದರೂ ಕೀಳುವುದು ನಿಲ್ಲದಿದ್ದರೆ ಕಾಯಬೇಡಿ. ಪದೇ ಪದೇ ಕಿತ್ತರೆ ಪುಕ್ಕದ ಬುಡವೇ ಸತ್ತು ಅಲ್ಲಿ ಮತ್ತೆ ಬೆಳೆಯದು. ವೈದ್ಯರ ಬಳಿಗೆ ಹೋಗುವಾಗ ಪಂಜರ ತೊಳೆಯಬೇಡಿ, ತಟ್ಟೆಯಲ್ಲಿ ಹಾಸಿದ ಹಿಂದಿನ ದಿನದ ಕಾಗದವನ್ನು ಹಿಕ್ಕೆಸಮೇತ ಒಯ್ಯಿರಿ. ಅವರು ಮೊದಲು ನೋಡುವುದು ಅದನ್ನೇ.