ಮೂರು ಸೀಸನ್, ಒಂದೂ ಮಂಡಿ ಹೋಗಿಲ್ಲ

ತೀರ್ಥಹಳ್ಳಿ ಕಡೆ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತೇನೆ. ಮೊದಲ 2 ವರ್ಷದಲ್ಲೇ ನನ್ನ ತಂಡದ ಇಬ್ಬರಿಗೆ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು, ಹರಿಯಿತು. ಇಬ್ಬರನ್ನೂ ಎದುರಾಳಿ ಮುಟ್ಟಿರಲೇ ಇಲ್ಲ. ಒಬ್ಬಳು ರೈಡ್ ಮಧ್ಯೆ ಗಕ್ಕನೆ ತಿರುಗಿದಳು, ಪಟ್ ಅಂದ ಸದ್ದು ಗೆರೆಯಾಚೆ ನಿಂತ ನನಗೂ ಕೇಳಿಸಿತು. ಆಪರೇಷನ್‌ಗೆ ಹತ್ತಿರ ಹತ್ತಿರ 2 ಲಕ್ಷ. ಅವರಪ್ಪನ ಆ ವರ್ಷದ ಅಡಿಕೆ ದುಡ್ಡೆಲ್ಲ ಅದಕ್ಕೇ ಹೋಯಿತು. ಅವತ್ತಿನಿಂದ ನನಗೆ ನಿದ್ದೆ ಬರಲಿಲ್ಲ.

ಮೊದಲು 14 ನೀ ಕ್ಯಾಪ್ ತಂದೆ. 6 ಸಾವಿರದಷ್ಟು ದಂಡ. ಬೆವರಿಗೆ ಜಾರಿ ಮೀನಖಂಡಕ್ಕೆ ಬರುತ್ತಿದ್ದವು. ಆಮೇಲೆ ಸ್ಕ್ವಾಟ್ ಜಾಸ್ತಿ ಮಾಡಿಸಿದೆ. ತೊಡೆಯ ಮುಂಭಾಗ ಗಟ್ಟಿಯಾಯಿತು, ಹಿಂಭಾಗ ಹಾಗೇ ಉಳಿಯಿತು. ಮೊಣಕಾಲ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಎಳೆದು ಹಿಡಿಯೋದು ಹಿಂಭಾಗವೇ ಅಲ್ವಾ!

ಕಣ್ಣು ತೆರೆಸಿದ್ದು ಮೊಬೈಲ್. ಮೊಣಕಾಲೆತ್ತರದ ಸ್ಟೂಲಿನಿಂದ ಹಾರಿಸಿ ಎದುರಿನಿಂದ ಸ್ಲೋ ಮೋಷನ್‌ನಲ್ಲಿ ಹಿಡಿದೆ. 12 ಹುಡುಗಿಯರಲ್ಲಿ 8-9 ಜನರ ಮಂಡಿ ನೆಲ ಮುಟ್ಟಿದ ಕೂಡಲೇ ಒಳಕ್ಕೆ ವಾಲುತ್ತಿತ್ತು, ಒಂದಕ್ಕೊಂದು ತಾಗುವಷ್ಟು.

ಆಮೇಲೆ ವಾರಕ್ಕೆ 3 ದಿನ, 20 ನಿಮಿಷ, ವಾರ್ಮಪ್ ಅಂದರೆ ಇದೇ. ನಾರ್ಡಿಕ್ (ಮಂಡಿಯೂರಿ, ಹಿಂದಿನಿಂದ ಪಾದ ಹಿಡಿಸಿಕೊಂಡು ನಿಧಾನಕ್ಕೆ ಮುಂದೆ ವಾಲುವುದು, ತೊಡೆಯ ಹಿಂಭಾಗಕ್ಕೆ), ಸೈಡ್ ಪ್ಲಾಂಕ್ (ಒಂದು ಮೊಣಕೈ ಊರಿ ಪಕ್ಕಕ್ಕೆ ಮೈ ನೇರವಾಗಿ ಹಿಡಿಯುವುದು), ಒಂಟಿಕಾಲಲ್ಲಿ ಹಾರಿ ನಿಲ್ಲುವುದು, ಸಣ್ಣ ಹೆಜ್ಜೆ ಇಟ್ಟು ವೇಗ ತಗ್ಗಿಸಿ ತಿರುಗುವುದು. ನಾರ್ಡಿಕ್ 3-4ರಿಂದ ಶುರು ಮಾಡಿ. ನಾನು ಮೊದಲ ದಿನವೇ 10 ಮಾಡಿಸಿ, ಮರುದಿನ ಅರ್ಧ ತಂಡಕ್ಕೆ ಮೆಟ್ಟಿಲು ಇಳಿಯೋಕಾಗಲಿಲ್ಲ. ಜೂನ್ ಬಂತೆಂದರೆ ಅಂಕಣ ಕೆಸರುಗದ್ದೆ, ಹಾಗಾಗಿ ಸಮುದಾಯ ಭವನದ ಒಳಗೆ ಮಾಡಿಸಿದೆ. ಅದೇ ಅನುಕೂಲವಾಯಿತು. ಕಣ್ಣು ಮುಚ್ಚಿ ಕೂತರೂ ಯಾರು ಧಡ್ ಅಂತ ಇಳಿದರು, ಯಾರು ಬೆಕ್ಕಿನ ಹಾಗೆ ಇಳಿದರು ಅಂತ ಸಿಮೆಂಟು ನೆಲವೇ ಹೇಳುತ್ತದೆ.

ವ್ಯಾಯಾಮದ ರಬ್ಬರ್ ಬ್ಯಾಂಡ್ ಬದಲು ತೊಡೆಗೆ ಹಳೇ ಸೈಕಲ್ ಟ್ಯೂಬ್ ಕಟ್ಟಿ ಅಡ್ಡ ಹೆಜ್ಜೆ ಹಾಕಿಸಿ ನೋಡಿದೆ. ಪಂಕ್ಚರ್ ಅಂಗಡಿಯವರು ಸುಮ್ನೆ ಕೊಟ್ಟರು. ತೊಡೆ ಉರಿಯುತ್ತಿತ್ತು, ಹಳೇ ಪಂಚೆ ಸುತ್ತಿದ ಮೇಲೆ ಸರಿಹೋಯಿತು.

"ಮೇಡಂ, ಕಬಡ್ಡಿ ಕಲಿಸ್ತೀರೋ, ಕಪ್ಪೆ ಕುಣಿಸ್ತೀರೋ?" ಅಂತ ಹಿರಿಯ ಕೋಚ್ ಒಬ್ಬರು ಎಲ್ಲರೆದುರು ಕೇಳಿದ್ದರು. ಹೋದ ತಿಂಗಳು ಅವರೇ ಬಂದು ನನ್ನ ಚಾರ್ಟ್ ಬರೆದುಕೊಂಡು ಹೋದರು. ಪೂರ್ತಿ ಕೊಟ್ಟೆ. ಚೈನ್ ಹಿಡಿಯುವಾಗ, ಅಂದರೆ ಕೈ ಕೈ ಹಿಡಿದು ರೈಡರನ್ನು ಕಟ್ಟಿಹಾಕುವಾಗ, ಕವರ್ ಜಾಗದಲ್ಲಿ ನಿಂತು ರಕ್ಷಿಸುವ ಹುಡುಗಿಯ ಪಾದ ಎತ್ತ ತಿರುಗಿರಬೇಕು ಅನ್ನೋದೊಂದನ್ನು ಮಾತ್ರ ನನ್ನ ಹುಡುಗಿಯರಿಗೇ ಇಟ್ಟುಕೊಂಡಿದ್ದೇನೆ.